ಬೆನ್ನ ಹಿಂದಿನ ಸದ್ದು

ಹಾಳೆಯ ಮೂರು ಚೌಕಗಳಲ್ಲಿ 'ಮೊದಲು' ಎಂಬುದೊಂದನ್ನು ಬಿಟ್ಟು ಉಳಿದೆರಡನ್ನೂ ಅವನು ತುಂಬಿಯಾಗಿತ್ತು. 'ಆಗ' ಎಂಬಲ್ಲಿ, ವಿದ್ಯಾರ್ಥಿನಿಯು ಎದ್ದು ನಿಂತು ತನ್ನ ಕಂಪಾಸ್ ಪೆಟ್ಟಿಗೆಯನ್ನು ಶಿಕ್ಷಕರ ಕಡೆಗೆ ಬೀಸಿ ಎಸೆದಳು, ಅದು ಶಿಕ್ಷಕರ ಬಲಗಿವಿಯ ಪಕ್ಕ ಹಾದು ಬೋರ್ಡಿಗೆ ಬಡಿಯಿತು ಎಂದು ಬರೆದಿದ್ದ. 'ನಂತರ' ಎಂಬಲ್ಲಿ, ಶಿಕ್ಷಕರು ಆಕೆಗೆ ಹೊರಗೆ ಹೋಗಲು ಹೇಳಿದರು, ಆಕೆ ಹೋದಳು. ತನ್ನನ್ನು ತಾನೇ ಶಿಕ್ಷಕರು ಎಂದು ಬಹುವಚನದಲ್ಲಿ ಕರೆದುಕೊಳ್ಳಲು ಮೊದಮೊದಲು ನಾಚಿಕೆಯಾಗುತ್ತಿತ್ತು. ಈಗ ಅದು ಹಿತವಾಗಿತ್ತು. ಪೆಟ್ಟಿಗೆ ಹಾದುಹೋದದ್ದು ಆ ಮರ್ಯಾದಸ್ಥ ಮನುಷ್ಯನ ಕಿವಿಯ ಪಕ್ಕ. ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಅನ್ನ ಕಲಸಲಾರದೆ ನಡುಗಿದ್ದು ಮಾತ್ರ ತನ್ನ ಬೆರಳು. ಸ್ಟಾಫ್‌ರೂಮಿನ ಉದ್ದ ಮೇಜಿನ ಮೇಲೆ ಹಾಸಿದ ಗಾಜು ಮೂಲೆಯಲ್ಲಿ ಬಿರುಕು ಬಿಟ್ಟಿತ್ತು. ಬಿರುಕಿನೊಳಗೆ ಇಳಿದ ಟೀ ಒಣಗಿ ಕಂದು ಗೆರೆಯಾಗಿತ್ತು. ಅವನು ಆ ಗೆರೆಯನ್ನು ಉಗುರಿನಿಂದ ಕೆರೆಯುತ್ತಾ ಕೂತ. ಗಾಜಿನ ಕೆಳಗಿದ್ದ ಕೊಳೆ ಮೇಲಿನಿಂದ ಕೆರೆದರೆ ಹೋಗುವುದಿಲ್ಲವೆಂದು ಗೊತ್ತಿದ್ದೂ ಕೆರೆದ.

ಈ ಹಾಳೆಯನ್ನು ಶಾಲೆಗೆ ತಂದವಳು ಹೆಡ್‌ಮಿಸ್. ಎಲ್ಲಿಗೋ ತರಬೇತಿಗೆ ಹೋಗಿ ಬಂದ ಮಾರನೆಯ ದಿನ ಎಲ್ಲರನ್ನೂ ಕೂರಿಸಿಕೊಂಡು, "ಕ್ಯಾಮೆರಾ ಏನು ನೋಡುತ್ತೋ ಅಷ್ಟೇ ಬರೀರಿ. ಕ್ಯಾಮೆರಾಗೆ ಕೊಬ್ಬು ಕಾಣಲ್ಲ, ಸೊಕ್ಕು ಕಾಣಲ್ಲ. ಹುಡುಗ ಮೇಜು ಗುದ್ದಿದ ಅನ್ನೋದು ಕಾಣುತ್ತೆ" ಎಂದಿದ್ದಳು. ಮಗು ಗಲಾಟೆ ಮಾಡಿತು ಎಂದರೆ ಸಾಲದು, ಅದಕ್ಕೆ ಮುಂಚಿನ ಗಳಿಗೆಯಲ್ಲಿ ಏನಾಗಿತ್ತು ಎಂಬುದನ್ನು ಬರೆಯಬೇಕು. ಅಲ್ಲಿ ಶಿಕ್ಷಕರ ಮಾತೋ ಕೈಯೋ ಕಂಡುಬಂದರೆ ಮಗುವಿನ ಹಾಳೆ ಲೆಕ್ಕಕ್ಕೆ ಬರುವುದಿಲ್ಲ. ಶಿಕ್ಷಕರ ಮೇಲೆ ಬೇರೆ ಹಾಳೆ ಶುರುವಾಗುತ್ತದೆ. ಒಬ್ಬ ವಿದ್ಯಾರ್ಥಿಯ ಮೇಲೆ ಮೂರು ಹಾಳೆಯಾದರೆ ಶಾಲೆಯಿಂದ ಹೊರಗೆ. ಸ್ಟಾಫ್‌ರೂಮಿನವರು ಇದರಿಂದ ತಪ್ಪಿಸಿಕೊಳ್ಳುವ ದಾರಿ ಕಂಡುಕೊಳ್ಳಲು ಒಂದು ವಾರವೂ ಹಿಡಿಯಲಿಲ್ಲ. 'ಮೊದಲು' ಎಂಬ ಚೌಕದಲ್ಲಿ ಎಲ್ಲರೂ, ಯಾರು ಯಾರಿಗೆ ಹೇಳಿಕೊಟ್ಟರೋ, ಒಂದೇ ಮಾತು ಬರೆಯತೊಡಗಿದರು: ಏನೂ ಇಲ್ಲ, ಪಾಠ ನಡೆಯುತ್ತಿತ್ತು. ಚರಿತ್ರೆಯವಳು ಬರೆದಳು, ವಿಜ್ಞಾನದವನು ಬರೆದ, ಪೀಟಿ ಮೇಷ್ಟ್ರು ಆಟದ ಮೈದಾನದಲ್ಲಿ ನಡೆದ ಹೊಡೆದಾಟಕ್ಕೂ ಪಾಠ ನಡೆಯುತ್ತಿತ್ತು ಎಂದೇ ಬರೆದು ಸಹಿ ಹಾಕಿದ. ಹೆಡ್‌ಮಿಸ್ ಅದನ್ನೂ ಫೈಲಿಗೆ ಸೇರಿಸಿದಳು. ಅವಳ ಮೇಲೆ ಅವನಿಗೆ ಗೌರವ ಹೋದದ್ದು ಆಗ. ಈ ಹುಡುಗಿಯ ಮೇಲಿನ ಮೊದಲೆರಡು ಹಾಳೆಗಳಲ್ಲಿ ಅವನೂ ಹಾಗೆಯೇ ಬರೆದಿದ್ದ, ಕೈ ತಡವರಿಸಿರಲಿಲ್ಲ. ಇದು ಮೂರನೆಯದು. ಪಬ್ಲಿಕ್ ಪರೀಕ್ಷೆ ಇನ್ನೇನು ಬಂತು. ಈಗ ಹೊರಗೆ ಹೋದವಳಿಗೆ ಬೇರೆ ಯಾವ ಶಾಲೆಯೂ ಬಾಗಿಲು ತೆರೆಯುವುದಿಲ್ಲ ಎಂಬುದು ಹೆಡ್‌ಮಿಸ್‌ಗೂ ಗೊತ್ತು, ಅವನಿಗೂ ಗೊತ್ತು. ಊಟದ ಬಿಡುವಿನೊಳಗೆ ಹಾಳೆ ಹೆಡ್‌ಮಿಸ್‌ಳ ಮೇಜಿನ ಮೇಲಿರಬೇಕು. ಆಮೇಲೆ ಹುಡುಗಿಯ ತಾಯಿ ಬರುತ್ತಾಳೆ.

"ಏನ್ ಲೆಕ್ಕದ ಮೇಷ್ಟ್ರೇ, ಹಲ್ಲಿ ಕಥೆ ಇವತ್ತಿಗೆ ಮುಗೀತಾ?" ಎಂದು ಪೀಟಿ ಮೇಷ್ಟ್ರು ಒಳಗೆ ಬಂದ. ಕೊರಳಲ್ಲಿ ಸೀಟಿ ತೂಗುತ್ತಿತ್ತು. ಕೈಯಲ್ಲಿ ಆ ಕಂಪಾಸ್ ಪೆಟ್ಟಿಗೆ. ಅದರ ಮುಚ್ಚಳ ಒಂದು ಕಡೆ ನೆಗ್ಗಿತ್ತು. "ತಗೊಳ್ಳಿ, ಬೋರ್ಡ್ ಕೆಳಗೆ ಬಿದ್ದಿತ್ತಂತೆ. ಸಾಕ್ಷಿ. ಪ್ಲಾಸ್ಟಿಕ್ ಕವರಿಗೆ ಹಾಕಿ ಇಡಿ, ಬೆರಳಚ್ಚು ಹೋದೀತು." ಚರಿತ್ರೆಯವಳು ನಕ್ಕಳು. ಅವನು ನಗಲಿಲ್ಲವೆಂದು ಪೀಟಿ ಮೇಷ್ಟ್ರು ಎದುರಿನ ಕುರ್ಚಿಯನ್ನು ಹಿಂದುಮುಂದಾಗಿಟ್ಟು ಕೂತು, "ಇನ್ನೂ ಅದೇ ಚೌಕದಲ್ಲೇ ಇದೀರಾ? ಪಾಠ ನಡೀತಿತ್ತು ಅಂತ ಗೀಚಿ ಎದ್ದು ಬನ್ನಿ ಸಾರ್, ಕಾವ್ಯ ಬರಿಯೋಕೆ ಕೂತಂಗೆ ಕೂತಿದೀರಿ" ಎಂದ. ಆಮೇಲೆ ದನಿ ತಗ್ಗಿಸಿ, "ಒಂದ್ಸಲ ಮಾಡಿ ತೋರ್ಸಿ ಸಾರ್. ಹೆಡ್‌ಮಿಸ್ ಮುಂದೆ ಮಾಡಿದ್ರಲ್ಲ, ಅದನ್ನ."

ಅವನು ಪೆನ್ನಿನ ಮುಚ್ಚಳ ಹಾಕಿದ. ಎರಡು ತಿಂಗಳಾದರೂ ಅದು ಈ ಕೋಣೆಯಲ್ಲಿ ಹಳಸಿರಲಿಲ್ಲ. ಮೊದಲ ಹಾಳೆಯಲ್ಲಿ ಅವನು, ವಿದ್ಯಾರ್ಥಿನಿಯು ಬಾಯಲ್ಲಿ ಸದ್ದು ಮಾಡಿದಳು ಎಂದು ಬರೆದಿದ್ದ. ಯಾವ ಥರದ ಸದ್ದು, ಎಂದು ಕೇಳಿದಳು ಹೆಡ್‌ಮಿಸ್, ಕನ್ನಡಕದ ಮೇಲಿಂದ ನೋಡುತ್ತಾ. ಲೊಚಗುಟ್ಟಿದಳು ಎಂದ. ಹಾಗೆಂದರೆ? ಸಿಟ್ಟಿನಿಂದಲೋ, ಬೇಸರದಿಂದಲೋ, ಮುತ್ತು ಕೊಟ್ಟ ಹಾಗೋ? ವಿಶೇಷಣ ಬೇಡ, ಸದ್ದು ಬೇಕು. ಐವತ್ತು ದಾಟಿದ, ಇಸ್ತ್ರಿ ಮಾಡಿದ ಅಂಗಿ ತೊಟ್ಟ ಮನುಷ್ಯ ಅವಳ ಮೇಜಿನ ಮುಂದೆ ನಿಂತು, ನಾಲಗೆಯನ್ನು ಅಂಗುಳಕ್ಕೆ ಒತ್ತಿ ಕಿತ್ತು, ಲೊಚ್, ಎಂದು ಮಾಡಿ ತೋರಿಸಿದ. ಅವಳು ಗಂಭೀರವಾಗಿ, "ಇನ್ನೊಂದ್ಸಲ?" ಎಂದಳು. ಇನ್ನೊಂದು ಸಲ ಮಾಡಿದ. ಬಾಗಿಲ ಆಚೆ ರಜೆ ಕೇಳಲು ನಿಂತಿದ್ದ ಪೀಟಿ ಮೇಷ್ಟ್ರಿಗೆ ಎರಡೂ ಕೇಳಿಸಿದ್ದವು. ಹುಡುಗಿಗೆ ಹಲ್ಲಿ ಎಂಬ ಹೆಸರು ಬಿದ್ದದ್ದು ಅಂದು ಸಂಜೆ. ತನಗೂ ಯಾವುದೋ ಹೆಸರು ಬಿದ್ದಿರಬೇಕು, ಯಾರೂ ಎದುರಿಗೆ ಹೇಳಲಿಲ್ಲ, ಅಷ್ಟೇ.

ನಿಜಕ್ಕೂ ಮೊದಲ ದಿನ ಅದನ್ನು ಹಲ್ಲಿಯೆಂದೇ ತಿಳಿದಿದ್ದ. ಬೋರ್ಡಿನ ಮೇಲೆ ಬರೆಯುತ್ತಿದ್ದವನು ಸದ್ದು ಕೇಳಿ ನಿಂತು, ಟ್ಯೂಬ್‌ಲೈಟಿನ ಹಿಂದೆ, ಗೋಡೆಯ ಮೂಲೆಯಲ್ಲಿ, ಕತ್ತೆತ್ತಿ ಹುಡುಕಿದ. ಕ್ಲಾಸು ಕ್ಲಾಸೇ ನಕ್ಕಿತು. ಒಳ್ಳೆಯ ನಗು, ಹೊಟ್ಟೆ ತುಂಬಿದ ನಗು, ತಾವೇ ಎಂದೂ ಹುಡುಕಲು ಹೋಗದ ಹಲ್ಲಿಯನ್ನು ಹುಡುಕುವ ಮುದುಕನನ್ನು ಕಂಡು ಬರುವ ನಗು. ಮುಂದಿನ ಸಲ ಸದ್ದು ಬಂದೊಡನೆ ಸರಕ್ಕನೆ ತಿರುಗಿದ. ಎಲ್ಲ ತಲೆಗಳೂ ನೋಟ್‌ಬುಕ್ಕಿನ ಮೇಲೆ ಬಗ್ಗಿದ್ದವು, ಮೂರನೆಯ ಬೆಂಚಿನ ತುದಿಯ ಒಂದು ಮುಖವನ್ನು ಬಿಟ್ಟು. ಅವಳು ಗಲ್ಲಕ್ಕೆ ಕೈಯೂರಿ ಅವನನ್ನೇ ನೋಡುತ್ತಿದ್ದಳು. ನಗುತ್ತಿರಲಿಲ್ಲ. ಅದೇ ಅವನಿಗೆ ತಡೆಯಲಾಗಲಿಲ್ಲ. ನಕ್ಕಿದ್ದರೆ ಅವನಿಗೆ ದಾರಿ ಗೊತ್ತಿತ್ತು; ಮೂವತ್ತು ವರ್ಷ ನಗುವ ಮುಖಗಳನ್ನು ಒಂದೊಂದಾಗಿ ಆರಿಸಿ ಒರೆಸಿಹಾಕಿದವನು ಅವನು. ಇವಳು ನೋಡುತ್ತಿದ್ದ ರೀತಿ, ಬಸ್ಸಿನ ಕಿಟಕಿಯಿಂದ ರಸ್ತೆಯಲ್ಲಿ ಎಡವಿದವನನ್ನು ನೋಡುವಂತಿತ್ತು. ಏನೇ ನೋಡ್ತಿದೀಯಾ, ಎಂದು ಗದರಿದ. "ಬೋರ್ಡ್ ಸಾರ್" ಎಂದಳು. ಬೋರ್ಡ್ ನೋಡುವುದು ಅಪರಾಧವೆಂದು ಯಾವ ಚೌಕದಲ್ಲಿ ಬರೆಯುವುದು?

ಇವತ್ತು ಬೆಳಿಗ್ಗೆ ಹೆಂಡತಿ ಅಡುಗೆಮನೆಯ ಕಟ್ಟೆಗೆ ಒರಗಿ ತನ್ನ ಆಫೀಸಿನ ಚೀಲಕ್ಕೆ ಡಬ್ಬಿ ತುರುಕುತ್ತಿದ್ದಾಗ ಅವನು ಪೆಟ್ಟಿಗೆ ಎಸೆದ ಸಂಗತಿ ಹೇಳಿದ್ದ. ಒಂದು ಬೆರಳು ಈಚೆಗೆ ಬಂದಿದ್ದರೆ ಕಣ್ಣೇ ಹೋಗುತ್ತಿತ್ತು ಎಂದೂ ಸೇರಿಸಿದ. ಅವಳು ಗಾಬರಿಯಾಗಲಿ ಎಂದು ಕಾದ. ಅವಳು ಚೀಲದ ಜಿಪ್ಪು ಎಳೆಯುತ್ತಾ, "ಅದಕ್ಕೆ ಮುಂಚೆ ನೀವೇನಂದ್ರಿ?" ಎಂದು ಕೇಳಿದಳು. ಹಾಳೆ, ಚೌಕ, ತರಬೇತಿ ಯಾವುದೂ ಗೊತ್ತಿಲ್ಲದವಳು. ಏನೂ ಅನ್ನಲಿಲ್ಲ ಎಂದ. "ಹೂಂ" ಎಂದಳು. ಇಪ್ಪತ್ತು ವರ್ಷಗಳ ಸಂಸಾರದಲ್ಲಿ ಆ ಹೂಂ ಅವನಿಗೆ ಕಂಠಪಾಠವಾಗಿತ್ತು. ಅವಳ ತಮ್ಮ ಈ ಮನೆಗೆ ಕಾಲಿಡುವುದನ್ನು ನಿಲ್ಲಿಸಿದ ದಿನವೂ ಅವಳು ಅದನ್ನೇ ಕೇಳಿದ್ದಳು, ಅವನು ಅದನ್ನೇ ಹೇಳಿದ್ದ, ಅವಳು ಹೂಂ ಎಂದಿದ್ದಳು. "ಚೋಟುದ್ದ ಹುಡುಗಿ ಹತ್ರ ಜಿದ್ದಿಗೆ ಬಿದ್ದಿದೀರಲ್ಲ. ನಿಮ್ಮ ವಯಸ್ಸೇನು, ಅವಳ ವಯಸ್ಸೇನು" ಎಂದು ಚಪ್ಪಲಿ ಮೆಟ್ಟಿಕೊಂಡು ಹೋದಳು. ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು. ಧಡಾರನೆ ಹಾಕಿ ಹೋಗಿದ್ದರೆ ದಿನವಿಡೀ ಸಿಟ್ಟಾಗಿರಬಹುದಿತ್ತು.

ಹುಡುಗಿ ಯಾವಾಗ ಲೊಚಗುಟ್ಟುತ್ತಾಳೆ ಎಂಬುದು ಅವನಿಗೆ ತಿಳಿದದ್ದು ಎರಡನೆಯ ಹಾಳೆ ಬರೆದ ಮೇಲೆ. ಒಂದು ದಿನ ಬೋರ್ಡಿನ ತುಂಬ ಲೆಕ್ಕ ಬಿಡಿಸುತ್ತಾ ಹೋಗಿ ಕೊನೆಗೆ ಅಸಂಬದ್ಧ ಉತ್ತರಕ್ಕೆ ಬಂದು ನಿಂತಿದ್ದ. ಬಾವಿಯ ಆಳ ಕೇಳಿದ ಲೆಕ್ಕಕ್ಕೆ ಉತ್ತರ ಮೈನಸ್ಸಿನಲ್ಲಿ ಬಂದಿತ್ತು. ಬೆವರುತ್ತಾ ಸಾಲು ಸಾಲಾಗಿ ಮೇಲೆ ಹತ್ತಿದ. ಸಮ ಚಿಹ್ನೆಯ ಆ ಕಡೆಗೆ ದಾಟಿಸಿದ ಸಂಖ್ಯೆಗೆ ಚಿಹ್ನೆ ಬದಲಿಸುವುದನ್ನು ಮರೆತಿದ್ದ. ಮೂವತ್ತು ವರ್ಷ ಹುಡುಗರ ಬೆರಳಗೆಣ್ಣಿಗೆ ಸ್ಕೇಲಿನಲ್ಲಿ ಹೊಡೆದು ಕಲಿಸಿದ ಪಾಠ. ಸದ್ದು ಕೇಳಿಸಿದ್ದು ಸರಿಯಾಗಿ ಆ ಸಾಲಿನಲ್ಲಿ. ಆಮೇಲೆ ಗಮನಿಸಿದ: ಅವಳು ಸುಮ್ಮಸುಮ್ಮನೆ ಒಂದು ಸಲವೂ ಮಾಡುತ್ತಿರಲಿಲ್ಲ. ಅವನು ತಪ್ಪಿದಾಗ, ತಪ್ಪಿದಲ್ಲೇ, ಲೊಚ್. ಉಳಿದವರಿಗೆ ಅದು ಚೇಷ್ಟೆ. ಅವರು ನಗುವುದಕ್ಕೆ ಕಾದಿರುತ್ತಿದ್ದರೇ ಹೊರತು ತಪ್ಪು ಅವರ ಕಣ್ಣಿಗೆ ಬೀಳುತ್ತಿರಲಿಲ್ಲ. ಅವಳೊಬ್ಬಳೇ ಅವನ ಜೊತೆ ಸಾಲು ಸಾಲಾಗಿ ಇಳಿದು ಬರುತ್ತಿದ್ದಳು. ಇದು ತಿಳಿದ ಮೇಲೆ ಅವನ ದ್ವೇಷ ಇಳಿಯಬೇಕಿತ್ತು. ದುಪ್ಪಟ್ಟಾಯಿತು. ಪ್ರತಿ ಸಾಲು ಬರೆಯುವ ಮುಂಚೆ ಅವನ ಬೆನ್ನು ಕಾಯತೊಡಗಿತು, ಹೆಗಲ ನಡುವಿನ ಚರ್ಮ ಬಿಗಿಯುತ್ತಿತ್ತು. ಕಾಯುವುದರಲ್ಲೇ ಕೈ ಇನ್ನಷ್ಟು ತಪ್ಪುತ್ತಿತ್ತು. ಅದು ತಿರಸ್ಕಾರವೋ ಕನಿಕರವೋ ಎಂದು ಮನೆಯಲ್ಲಿ ಬಚ್ಚಲ ಬಾಗಿಲು ಹಾಕಿಕೊಂಡು, ನಲ್ಲಿ ಬಿಟ್ಟು, ತಾನೇ ಮತ್ತೆ ಮತ್ತೆ ಮಾಡಿ ನೋಡಿದ. ಎರಡಕ್ಕೂ ನಾಲಗೆ ಒಂದೇ ಜಾಗದಿಂದ ಏಳುತ್ತಿತ್ತು.

ಅಪ್ಪನ ಅಂಗಡಿಯಲ್ಲಿ ಯಾರೂ ಲೊಚಗುಟ್ಟುತ್ತಿರಲಿಲ್ಲ. ಅಪ್ಪ ದರ್ಜಿ. ಕತ್ತರಿ ಹಾಕುವುದು ಅವನೊಬ್ಬನೇ, ಹೊಲಿಯುವವರು ಮೂವರು. ಮಾತಾಡಿದವನ ಮೊಣಕೈಗೆ ಮರದ ಅಳತೆಪಟ್ಟಿ ಬೀಳುತ್ತಿತ್ತು. ಕೊನೆಕೊನೆಗೆ, ಅಪ್ಪನಿಗೆ ಬೆಳಗಿನ ಊಟ ಆಯಿತೋ ಇಲ್ಲವೋ ಎಂಬುದೂ ಮರೆತುಹೋಗುತ್ತಿದ್ದ ದಿನಗಳಲ್ಲಿ, ಯಾರದೋ ಮದುವೆಯ ಕೋಟಿಗೆ ಅಪ್ಪ ಎರಡೂ ತೋಳನ್ನು ಎಡಗೈಯದಾಗಿ ಕತ್ತರಿಸಿದ. ಮೂವರೂ ನೋಡಿದರು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಬಗ್ಗಿ ಹೊಲಿದರು. ಅಚ್ಚುಕಟ್ಟಾಗಿ, ಒಳಗಿನ ಬಟ್ಟೆ ಕೊಟ್ಟು, ಗುಂಡಿ ಹಾಕಿ. ರಜೆಗೆ ಬಂದಿದ್ದ ಅವನೂ ಮೂಲೆಯ ಸ್ಟೂಲಿನ ಮೇಲೆ ಪುಸ್ತಕ ಹಿಡಿದು ಕೂತು ನೋಡಿದ್ದ. ಅವನ ಮೊಣಕೈಯಲ್ಲೂ ಆ ಅಳತೆಪಟ್ಟಿಯ ನೆನಪಿತ್ತು. ಕೋಟು ಹಾಕಿಕೊಂಡವನು ಕನ್ನಡಿಯ ಮುಂದೆ ತೋಳು ಎತ್ತಿದಾಗ ಅಪ್ಪನ ಮುಖ ಏನಾಯಿತು ಎಂಬುದನ್ನು ಅವನು ನೆನೆಯುವುದಿಲ್ಲ. ಸ್ಟಾಫ್‌ರೂಮಿನ ಫ್ಯಾನು ಒಂದು ಸುತ್ತಿಗೊಮ್ಮೆ ಟಕ್ಕೆನ್ನುತ್ತಿತ್ತು. ಪೀಟಿ ಮೇಷ್ಟ್ರು ಯಾವಾಗಲೋ ಎದ್ದುಹೋಗಿದ್ದ. ನೆಗ್ಗಿದ ಪೆಟ್ಟಿಗೆ ಹಾಳೆಯ ಪಕ್ಕದಲ್ಲಿತ್ತು. ಅವನು ಮುಚ್ಚಳ ತೆಗೆದು ನೋಡಿದ. ಕೈವಾರ, ತುದಿ ಮುರಿದ ಪೆನ್ಸಿಲು, ರಬ್ಬರಿನ ಚೂರು. ಮುಚ್ಚಳದ ಒಳಗೆ ಏನಾದರೂ ಬೈಗುಳ ಗೀಚಿರಬಹುದು ಎಂದು ಆಸೆಯಿಂದ ತಿರುಗಿಸಿದ. ಚೊಕ್ಕಟವಾಗಿತ್ತು.

ಹುಡುಗಿಯ ತಾಯಿ ಅವನನ್ನು ಕಾಣಲು ಬಂದದ್ದು ಹೋದ ತಿಂಗಳು, ಎರಡನೆಯ ಹಾಳೆಗೆ ಸಹಿ ಹಾಕಿ ಹೋದ ದಿನ. ಸೈಕಲ್ ಸ್ಟ್ಯಾಂಡಿನ ಹತ್ತಿರ ಕಾದು ನಿಂತಿದ್ದಳು. ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಕೆಲಸವಂತೆ, ಬೆರಳ ತುದಿಗಳು ನೀರಲ್ಲಿ ನೆನೆದ ಕಾಗದದಂತೆ ಸುಕ್ಕಾಗಿದ್ದವು. ಅವಳ ಮೈಯಿಂದ ಬ್ಲೀಚಿನ ವಾಸನೆ ಬರುತ್ತಿತ್ತು. "ಮನೇಲೂ ಹಿಂಗೇ ಸಾರ್ ಅವಳು. ಮಾತೇ ಆಡಲ್ಲ, ಬರೀ ನೋಡ್ತಾಳೆ. ನಾನೂ ಒಬ್ಳೇ, ಎಷ್ಟು ಅಂತ ಏಗ್ಲಿ? ಒಂದೊಂದ್ಸಲ ಇವಳನ್ನ ಹೆತ್ತಿದ್ದೇ ತಪ್ಪಾಯ್ತೇನೋ ಅನ್ಸುತ್ತೆ ಸಾರ್" ಎಂದಿದ್ದಳು. ಮೇಷ್ಟ್ರ ಮುಂದೆ ನಿಂತ ತಾಯಂದಿರು ಆಡುವ ಮಾತು. ಮಕ್ಕಳನ್ನು ತಾವೇ ಬೈದು ಮುಗಿಸಿದರೆ ಮೇಷ್ಟ್ರಿಗೆ ಬೈಯಲು ಏನೂ ಉಳಿಯುವುದಿಲ್ಲವೆಂದು ಅವರ ಲೆಕ್ಕಾಚಾರ. ಅದು ಅವನಿಗೆ ಗೊತ್ತಿತ್ತು. ಮೂವತ್ತು ವರ್ಷಗಳಲ್ಲಿ ಎಷ್ಟು ಜನರ ಬಾಯಲ್ಲಿ ಕೇಳಿಲ್ಲ. ಆದರೂ ಮನೆಗೆ ಹೋಗುವ ದಾರಿಯಲ್ಲೆಲ್ಲ ಆ ವಾಕ್ಯ ಅವನ ಕಿಸೆಯಲ್ಲಿ ಬೆಚ್ಚಗಿತ್ತು. ಮುಟ್ಟಿ ಮುಟ್ಟಿ ನೋಡಿಕೊಂಡ.

ನಿನ್ನೆ ಕೊನೆಯ ಪಿರಿಯಡ್ಡಿನಲ್ಲಿ ಅದು ಕಿಸೆಯಿಂದ ಹೊರಗೆ ಬಂತು. ಬೋರ್ಡಿನ ಮೇಲೆ ಮತ್ತೆ ಚಿಹ್ನೆ ತಪ್ಪಿತ್ತು, ಬೆನ್ನ ಹಿಂದೆ ಲೊಚ್ ಎಂದಿತ್ತು. ಡಸ್ಟರ್ ಹುಡುಕುವ ತಾಳ್ಮೆಯಿಲ್ಲದೆ ಅಂಗೈಯಲ್ಲೇ ಒರೆಸಿದ್ದ. ತಿರುಗಿದಾಗ ಹೆಗಲುಗಳು ನಗುವಿಗೆ ಕುಲುಕುತ್ತಿದ್ದವು. ಅವನು ಅವಳ ಬೆಂಚಿನ ತನಕ ನಿಧಾನವಾಗಿ ನಡೆದು, ನೋಟ್‌ಬುಕ್ ನೋಡುವವನಂತೆ ಬಗ್ಗಿ, ಸುಣ್ಣ ಮೆತ್ತಿದ ಅಂಗೈಯನ್ನು ಅವಳ ಡೆಸ್ಕಿನ ಮೇಲೂರಿದ. ಅವಳ ಪುಟದಲ್ಲಿ ಲೆಕ್ಕ ಸರಿಯಿತ್ತು. ಪಕ್ಕದವಳಿಗೂ ಕೇಳದ ದನಿಯಲ್ಲಿ, ಸ್ವಲ್ಪ ನಗುತ್ತಲೇ, "ನಿನ್ನ ಹೆತ್ತಿದ್ದೇ ತಪ್ಪಾಯ್ತು ಅಂತ ನಿಮ್ಮಮ್ಮ ನನ್ನ ಮುಂದೆ ಅತ್ರು. ಗೊತ್ತಾ ನಿಂಗೆ?" ಎಂದ. ತಾಯಿ ಅತ್ತಿರಲಿಲ್ಲ. ಒಂದೊಂದ್ಸಲ ಎಂದಿದ್ದಳು, ಏನೋ ಎಂದಿದ್ದಳು, ಅನ್ಸುತ್ತೆ ಎಂದಿದ್ದಳು. ಅವನು ವಾಪಸು ಬಂದು ಬೋರ್ಡಿನ ಮುಂದೆ ಸೀಮೆಸುಣ್ಣ ಎತ್ತಿಕೊಂಡು ತಿರುಗಿದ. ಆಗ ಪೆಟ್ಟಿಗೆ ಬಂತು.

ಊಟದ ಗಂಟೆ ಹೊಡೆಯಿತು. ಕಾರಿಡಾರಿನಲ್ಲಿ ಕಾಲುಗಳು ಹರಿದವು. ಆ ವಾಕ್ಯವನ್ನು ಚೌಕದಲ್ಲಿ ಬರೆದರೆ ಹೇಗೆ ಕಾಣುತ್ತದೆಂದು ಅವನು ಯೋಚಿಸಿದ. ಶಿಕ್ಷಕರು ವಿದ್ಯಾರ್ಥಿನಿಯ ಬಳಿಗೆ ಹೋಗಿ ಹೀಗೆ ಹೇಳಿದರು. ಕ್ಯಾಮೆರಾ ನೋಡುವಂತೆ, ವಿಶೇಷಣವಿಲ್ಲದೆ. ಅಷ್ಟಾದರೆ ಈ ಹಾಳೆ ಸತ್ತಿತು, ಹುಡುಗಿ ಉಳಿದಳು, ಪರೀಕ್ಷೆ ಬರೆದಳು. ಅವನ ಮೇಲೆ ಹೊಸ ಹಾಳೆ. ಅದರಲ್ಲಿ ಹೆಡ್‌ಮಿಸ್ ಅವನ ಬೋರ್ಡಿನ ಲೆಕ್ಕಗಳ ವಿಷಯವನ್ನೂ ಕೇಳುತ್ತಾಳೆ. ಎಷ್ಟು ದಿನದಿಂದ ಹೀಗಾಗ್ತಿದೆ ಸಾರ್, ಡಾಕ್ಟರಿಗೆ ತೋರ್ಸಿದ್ರಾ ಸಾರ್. ಪೀಟಿ ಮೇಷ್ಟ್ರು ಬಾಗಿಲ ಆಚೆ ನಿಂತಿರುತ್ತಾನೆ. ಅವನು ಪೆನ್ನಿನ ಮುಚ್ಚಳ ತೆಗೆದು ಬರೆದ: ಏನೂ ಇಲ್ಲ, ಪಾಠ ನಡೆಯುತ್ತಿತ್ತು. ಅಕ್ಷರ ದುಂಡಗೆ ಬಂತು. ಕೈ ನಡುಗಲಿಲ್ಲವಲ್ಲ ಎಂದು ಒಂದು ಕ್ಷಣ ಸಂತೋಷವೇ ಆಯಿತು.

ಹೆಡ್‌ಮಿಸ್‌ಳ ಕೋಣೆಯಲ್ಲಿ ಬಂದವರ ಕುರ್ಚಿಗಳು ಅವಳ ಕುರ್ಚಿಗಿಂತ ತಗ್ಗು. ತಾಯಿ ಅದರ ತುದಿಯಲ್ಲಿ ಕೂತಿದ್ದಳು, ಕೆಲಸದ ಬಟ್ಟೆಯಲ್ಲೇ ಬಂದಿದ್ದಳು. ಎದೆಯ ಮೇಲೆ ಆಸ್ಪತ್ರೆಯ ಬಿಲ್ಲೆ ಹಾಗೇ ಇತ್ತು. ಹುಡುಗಿ ನಿಂತಿದ್ದಳು. ಹೆಡ್‌ಮಿಸ್ ಹಾಳೆಯನ್ನು ಮೇಲಿಂದ ಕೆಳಗೆ ಓದಿದಳು, ವಾರ್ತೆ ಓದುವವರ ದನಿಯಲ್ಲಿ. ಕಿವಿಯ ಪಕ್ಕ ಎಂಬಲ್ಲಿ ತಾಯಿ ಕಣ್ಣು ಮುಚ್ಚಿಕೊಂಡಳು. ಓದಿ ಮುಗಿಸಿ ಹೆಡ್‌ಮಿಸ್ ಹಾಳೆಯನ್ನು ಮೇಜಿನ ಮೇಲಿಟ್ಟಳು. ಆಮೇಲೆ ತಾಯಿ ಅವನ ಕಡೆ ನೋಡದೆ, ಮೇಜಿನ ಮೇಲಿನ ಪ್ಲಾಸ್ಟಿಕ್ ಹೂವಿಗೆ ಹೇಳುವಂತೆ, "ಅದಕ್ಕೆ ಮುಂಚೆ ಏನಾಯ್ತು ಸಾರ್? ತಪ್ಪು ತಿಳ್ಕೋಬೇಡಿ. ಇವಳು ಮೊಂಡಿ, ಒಪ್ತೀನಿ. ಆದ್ರೆ ಕೈ ಎತ್ತೋಳಲ್ಲ. ಸಣ್ಣೋಳಿದ್ದಾಗ್ಲೂ ಒಂದು ಬೆಕ್ಕಿಗೆ ಕಲ್ಲು ಹೊಡ್ದೋಳಲ್ಲ" ಎಂದಳು.

"ಬರೆದಿದೀನಲ್ಲ" ಎಂದ ಅವನು.

"ನೀನು ಹೇಳಮ್ಮ" ಎಂದು ಹೆಡ್‌ಮಿಸ್ ಹುಡುಗಿಯ ಕಡೆ ತಿರುಗಿದಳು. ಅವಳ ದನಿಯಲ್ಲಿ ಏನೋ ಎಚ್ಚರವಿತ್ತು, ಕಾಗದದ ಆಚೆಗೆ ಕಿವಿ ಹೋದಂತೆ. "ಹೆದರ್ಕೋಬೇಡ. ಮೇಷ್ಟ್ರು ಏನಾದ್ರೂ ಅಂದ್ರಾ? ಅಂದಿದ್ರೆ ಹೇಳು, ಈ ಹಾಳೆ ನಾನೇ ಹರಿದು ಹಾಕ್ತೀನಿ."

ಇದನ್ನು ಅವನು ನಿರೀಕ್ಷಿಸಿರಲಿಲ್ಲ. ಕಾಲಿನ ಬೆರಳುಗಳು ಚಪ್ಪಲಿಯೊಳಗೆ ಮುದುಡಿದವು. ಈಗ ಹೇಳುತ್ತಾಳೆ. ಹೇಳಲಿ, ನಾನು ಇಲ್ಲವೆನ್ನುತ್ತೇನೆ. ಯಾರಿಗೂ ಕೇಳಿಸಿಲ್ಲ, ಸಾಕ್ಷಿಯಿಲ್ಲ. ಆದರೆ ಈ ಹೆಂಗಸು ಇಲ್ಲೇ ಕೂತಿದ್ದಾಳೆ, ತನ್ನ ಮಾತನ್ನು ತಾನು ಗುರುತು ಹಿಡಿಯುತ್ತಾಳೆ. ಹುಡುಗಿ ಅವನನ್ನು ನೋಡಲಿಲ್ಲ. ಅವಳು ತಾಯಿಯನ್ನು ನೋಡುತ್ತಿದ್ದಳು. ತಾಯಿಯ ಸುಕ್ಕಾದ ಬೆರಳುಗಳು ಬಿಲ್ಲೆಯ ಪಿನ್ನನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದವು. ಹುಡುಗಿ ಆ ಬೆರಳುಗಳನ್ನೇ ನೋಡಿದಳು, ಬೋರ್ಡನ್ನು ನೋಡುತ್ತಿದ್ದ ಹಾಗೆ, ಸಾಲು ಸಾಲಾಗಿ ಇಳಿಯುತ್ತಾ, ಎಲ್ಲಿ ತಪ್ಪಿತೆಂದು ಹುಡುಕುವಂತೆ.

"ಏನೂ ಇಲ್ಲ ಮಿಸ್" ಎಂದಳು. "ಪಾಠ ನಡೀತಿತ್ತು."

ಸ್ಟಾಫ್‌ರೂಮಿನ ಮಾತು ಅವಳ ಬಾಯಿಗೆ ಹೇಗೆ ಬಂತು? ಹಿಂದಿನ ಎರಡು ಹಾಳೆಗಳನ್ನು ಇದೇ ಕೋಣೆಯಲ್ಲಿ ಓದಿ ಹೇಳಿದ್ದಾಗ ಕೇಳಿಸಿಕೊಂಡಿರಬೇಕು. ಅವಳು ಅದನ್ನು ಅಣಕಿಸುವಂತೆ ಹೇಳಲಿಲ್ಲ. ಸುಸ್ತಾದವರು ಸಹಿ ಹಾಕುವಂತೆ ಹೇಳಿದಳು. ಅವಳು ಕಾಪಾಡಿದ್ದು ತನ್ನನ್ನಲ್ಲ ಎಂಬುದು ಅವನಿಗೆ ತಕ್ಷಣ ತಿಳಿಯಿತು. ಈ ಲೆಕ್ಕದಲ್ಲಿ ತಾನು ಎಲ್ಲೂ ಇರಲೇ ಇಲ್ಲ. ಅದಕ್ಕಾಗಿಯೂ ಅವಳ ಮೇಲೆ ಸಿಟ್ಟು ಬಂತು.

"ನೋಡಿ ಮೇಡಂ, ನೋಡಿ" ಎಂದು ತಾಯಿ ಎದ್ದೇಬಿಟ್ಟಳು. ಮಗಳ ಬೆನ್ನಿಗೆ ಒಂದು ಗುದ್ದಿದಳು. ದನಿ ಒಡೆದಿತ್ತು. "ಏನೂ ಇಲ್ದೆ ಎಸೆದ್ಯಾ? ಮೇಷ್ಟ್ರ ಮುಖಕ್ಕೆ? ಬಾಯಿ ಮಾತಿಗಾದ್ರೂ ತಪ್ಪಾಯ್ತು ಅನ್ನು. ಇಂಥವಳನ್ನ ಹೆತ್ತು ನಾನು..."

"ಅಮ್ಮಾ" ಎಂದಳು ಹುಡುಗಿ. ಗಟ್ಟಿಯಾಗಿ ಅಲ್ಲ. ವಾಕ್ಯ ಅಲ್ಲೇ ನಿಂತಿತು. "ಬಾ, ಹೋಗೋಣ. ನಿಂಗೆ ಕೆಲಸಕ್ಕೆ ಹೊತ್ತಾಗುತ್ತೆ."

ಅವನು ಗಂಟಲು ಸರಿಮಾಡಿಕೊಂಡ. ಮೂವರೂ ಅವನ ಕಡೆ ತಿರುಗಿದರು. ಹೊರಗೆ ಯಾರೋ ಬಕೆಟ್ ಎಳೆದುಕೊಂಡು ಹೋದರು, ಆ ಸದ್ದು ಕಾರಿಡಾರಿನ ಕೊನೆ ಮುಟ್ಟುವ ತನಕ ಎಲ್ಲರೂ ಕಾದರು.

"ಏನೋ ಹೇಳಕ್ಕೆ ಹೊರಟ್ರಿ?" ಎಂದಳು ಹೆಡ್‌ಮಿಸ್.

"ಏನಿಲ್ಲ. ತಾರೀಖು ಹಾಕಿದೀನೋ ಇಲ್ವೋ ಅಂತ."

"ಹಾಕಿದೀರಿ" ಎಂದಳು ಅವಳು, ಹಾಳೆಯನ್ನು ನೋಡದೆ. ಅವನ ಮುಖವನ್ನೇ ನೋಡುತ್ತಾ ಮೊಹರು ತೆಗೆದು ಒತ್ತಿದಳು.

ಕಂಪಾಸ್ ಪೆಟ್ಟಿಗೆ ಅವನ ಕೈಯಲ್ಲೇ ಉಳಿದಿತ್ತು. ಬಾಗಿಲ ಹತ್ತಿರ ಅದನ್ನು ಹುಡುಗಿಯ ಮುಂದೆ ಹಿಡಿದ. ಅವಳು ಅದನ್ನು ಯಾರದೋ ವಸ್ತುವೆಂಬಂತೆ ದಾಟಿ ಹೊರಗೆ ಹೋದಳು. ತಾಯಿ ತೆಗೆದುಕೊಂಡು, ನೆಗ್ಗಿದ ಮುಚ್ಚಳವನ್ನು ಹೆಬ್ಬೆರಳಿನಿಂದ ಒತ್ತಿ ಸರಿಮಾಡಲು ನೋಡುತ್ತಾ, "ನಿಮ್ದೇನೂ ತಪ್ಪಿಲ್ಲ ಸಾರ್. ನೀವೂ ಎಷ್ಟು ಅಂತ ಸಹಿಸ್ಕೊಂಡೀರಿ" ಎಂದಳು. ಬ್ಲೀಚಿನ ವಾಸನೆ ಅವನ ಅಂಗಿಯ ತೋಳಿಗೆ ಹತ್ತಿ ಸಂಜೆಯವರೆಗೂ ಇತ್ತು. ಹೆಂಡತಿ ಏನು ವಾಸನೆ ಎಂದು ಕೇಳಲಿಲ್ಲ. ಏನಾಯಿತು ಎಂದೂ ಕೇಳಲಿಲ್ಲ.

ಮರುದಿನ ಅವನು ಕ್ಲಾಸಿಗೆ ಹೋದಾಗ ಎಲ್ಲರೂ ಒಟ್ಟಿಗೆ ಎದ್ದು ನಿಂತರು, ಒಟ್ಟಿಗೆ ಕೂತರು. ಒಂದು ಬೆಂಚೂ ಕಿರುಗುಟ್ಟಲಿಲ್ಲ. ಮೂರನೆಯ ಬೆಂಚಿನಲ್ಲಿ ಉಳಿದವರು ಸರಿದು ಕೂತಿದ್ದರಿಂದ ಖಾಲಿ ಜಾಗವೆಂಬುದೇ ಇರಲಿಲ್ಲ. ಹಾಜರಿ ಕರೆಯುವಾಗ ಅವಳ ಹೆಸರಿನ ಮೇಲೆ ಬೆರಳಿಟ್ಟು ದಾಟಿದ, ಯಾರೂ ಕತ್ತೆತ್ತಲಿಲ್ಲ. ಹೀಗೊಂದು ಕ್ಲಾಸನ್ನು ಅವನು ಮೂವತ್ತು ವರ್ಷ ಬಯಸಿದ್ದ. ಬೋರ್ಡಿಗೆ ತಿರುಗಿ ಒಂದು ಲೆಕ್ಕ ಬಿಡಿಸಿದ, ಮತ್ತೊಂದು ಬಿಡಿಸಿದ. ಬೆನ್ನ ಹಿಂದೆ ಪೆನ್ನುಗಳ ಸದ್ದು ಬಿಟ್ಟರೆ ಏನೂ ಇಲ್ಲ. ಹೆಗಲ ನಡುವಿನ ಚರ್ಮ ಬಿಗಿದೇ ಇತ್ತು. ಮೂರನೆಯ ಲೆಕ್ಕದ ನಡುವೆ ಅವನಿಗೆ ಅನುಮಾನವಾಯಿತು. ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಬರುವಾಗ ಏನೋ ಬಿಟ್ಟುಹೋಯಿತೆ? ಓದಿ ನೋಡಿದ. ಸರಿಯಿದ್ದಂತಿತ್ತು. ಮತ್ತೆ ಓದಿದ, ಸರಿಯಿಲ್ಲದಂತೆಯೂ ಇತ್ತು. ಕಾದ. ಸುಣ್ಣ ಬೋರ್ಡಿನ ಮೇಲೆ ಇಟ್ಟಲ್ಲೇ ಇತ್ತು.

ಎಲ್ಲವನ್ನೂ ಒರೆಸಿದ. ಬೋರ್ಡಿನ ನಡುವೆ, ದೊಡ್ಡ ಅಕ್ಷರದಲ್ಲಿ, ಸಣ್ಣ ಕ್ಲಾಸಿನವರಿಗೆ ಕೊಡುವಂಥದೊಂದನ್ನು ಬರೆದ. ಒಂದು ಸಂಖ್ಯೆಯಿಂದ ಏಳು ಕಳೆದರೆ ಹನ್ನೆರಡು. ಹಾಗಾದರೆ ಆ ಸಂಖ್ಯೆ ಹನ್ನೆರಡರಲ್ಲಿ ಏಳು ಕಳೆದಷ್ಟು, ಎಂದು ಬಾಯಲ್ಲಿ ಹೇಳುತ್ತಾ, ಏಳರ ಹಿಂದೆ ಮೈನಸ್ಸನ್ನು ಬದಲಿಸದೆ ಹಾಗೇ ಎಳೆದ. ಉದ್ದಕ್ಕೆ, ನಿಧಾನವಾಗಿ. ಉತ್ತರ ಐದು ಎಂದು ಬರೆದು ಕೆಳಗೆ ಎರಡು ಗೆರೆ ಹಾಕಿದ. ಬೋರ್ಡಿಗೆ ಮುಖ ಮಾಡಿ ನಿಂತೇ ಇದ್ದ. ಯಾರಾದರೂ ಒಬ್ಬರು. ನಗಲಿ, ಕೆಮ್ಮಲಿ, ಬೆಂಚಿನ ಕೆಳಗೆ ಕಾಲು ಒರೆಸಲಿ. ಬೆನ್ನ ಹಿಂದೆ ಪೆನ್ನುಗಳು ಸರಸರನೆ ಓಡಿದವು, ನಿಂತವು, ಸ್ಕೇಲುಗಳು ಡೆಸ್ಕಿಗೆ ತಗುಲಿದವು. ಉತ್ತರದ ಕೆಳಗೆ ಎಲ್ಲರೂ ಎರಡೆರಡು ಗೆರೆ ಹಾಕುತ್ತಿದ್ದರು.

ಅವನು ತಿರುಗಿದ. ಇಡೀ ಕ್ಲಾಸು ಕತ್ತೆತ್ತಿ ಅವನನ್ನು ನೋಡುತ್ತಿತ್ತು. ಒಬ್ಬರ ಮುಖದಲ್ಲೂ ನಗುವಿರಲಿಲ್ಲ.

"ಸರಿಯಿದೆಯೇನ್ರೋ?" ಎಂದು ಕೇಳಿದ. ದನಿ ಅಂದುಕೊಂಡದ್ದಕ್ಕಿಂತ ಸಣ್ಣಗೆ ಬಂತು.

"ಸರಿಯಿದೆ ಸಾರ್" ಎಂದರು ಎಲ್ಲರೂ, ಒಂದೇ ಕೊರಳಲ್ಲಿ.

ಅವನು ಮತ್ತೆ ಬೋರ್ಡಿನ ಕಡೆ ತಿರುಗಿದ. ಪಾಠ ನಡೆಯುತ್ತಿತ್ತು.